ಕಿವಿ ಕೇಳದ ಸಂಸದ ಕೇಳಿಸಿಕೊಂಡ ಕೂಗು



ಬ್ರಿಟನ್ನಿನ ಸಂಸತ್ತಿನಲ್ಲಿ ಒಂದು ಮಾತೂ ಕಿವಿಗೆ ಬೀಳದ ಸದಸ್ಯರೊಬ್ಬರಿದ್ದರು. ಹೆಸರು ಜಾಕ್ ಆಶ್ಲಿ. ದೇಶದ ನೂರಾರು ಮನೆಗಳ ಅಳಲು ಹತ್ತು ವರ್ಷ ಯಾರ ಕಿವಿಗೂ ಬೀಳದೆ ಉಳಿದಿದ್ದಾಗ, ಅದನ್ನು ಸದನದಲ್ಲಿ ಎತ್ತಿ ಹೇಳಿದವರಲ್ಲಿ ಮೊದಲಿಗರು ಈ ಕಿವುಡ ಸಂಸದರೇ. ಜನರ ಮತ ಪಡೆದು ಕುರ್ಚಿಯಲ್ಲಿ ಕುಳಿತವರ ಬಳಿ ಇರುವ ಅಮಾನತ್ ಯಾವುದು ಎಂದು ತಿಳಿಯಲು ಅವರ ಕಥೆ ಓದಬೇಕು.

ಆಶ್ಲಿ ಹುಟ್ಟಿದ್ದು 1922ರಲ್ಲಿ, ಉತ್ತರ ಇಂಗ್ಲೆಂಡಿನ ವಿಡ್ನೆಸ್ ಎಂಬ ರಾಸಾಯನಿಕ ಕಾರ್ಖಾನೆಗಳ ಊರಿನಲ್ಲಿ. ಐದು ವರ್ಷವಾಗುವಾಗ ತಂದೆ ತೀರಿಕೊಂಡರು. ತಾಯಿ ಕಂಡವರ ಕಡೆ ಕಸ ಗುಡಿಸಿ, ನೆಲ ಒರೆಸಿ ಮಕ್ಕಳನ್ನು ಸಾಕಿದರು. ಹದಿನಾಲ್ಕಕ್ಕೆ ಶಾಲೆ ಬಿಟ್ಟ ಹುಡುಗ ಕಾರ್ಖಾನೆಯಲ್ಲಿ ಕೂಲಿಯಾದ, ಕಾರ್ಮಿಕ ಸಂಘದಲ್ಲಿ ಬೆಳೆದ. ದೊಡ್ಡವನಾದ ಮೇಲೆ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ನ ರಸ್ಕಿನ್ ಕಾಲೇಜಿಗೆ, ಅಲ್ಲಿಂದ ಕೇಂಬ್ರಿಜ್‌ಗೆ ಹೋದ. 1966ರಲ್ಲಿ ಸ್ಟೋಕ್-ಆನ್-ಟ್ರೆಂಟ್ ದಕ್ಷಿಣ ಕ್ಷೇತ್ರದ ಜನ ಅವರನ್ನು ಲೇಬರ್ ಪಕ್ಷದಿಂದ ಸಂಸತ್ತಿಗೆ ಆರಿಸಿ ಕಳುಹಿಸಿದರು. ಪಿಂಗಾಣಿ ಕೆಲಸದವರೂ ಕಲ್ಲಿದ್ದಲು ಗಣಿಯವರೂ ತುಂಬಿದ ಊರು ಅದು.

ಗೆದ್ದು ಎರಡು ವರ್ಷ ತುಂಬಿರಲಿಲ್ಲ. 1967ರ ಕೊನೆಯಲ್ಲಿ ಕಿವಿಯ ಒಂದು ಶಸ್ತ್ರಚಿಕಿತ್ಸೆಯ ನಂತರ ಅವರ ಶ್ರವಣ ಪೂರ್ತಿ ಹೋಯಿತು. ಆಗ ಅವರಿಗೆ ನಲವತ್ತೈದು ವರ್ಷ. ಮಾತೇ ಕೆಲಸವಾಗಿರುವ ಜಾಗದಲ್ಲಿ ಕಿವುಡನಿಗೇನು ಕೆಲಸ ಎಂದು ರಾಜೀನಾಮೆಗೆ ಮನಸ್ಸು ಮಾಡಿದರು. ಆದರೆ ಸ್ಟೋಕ್‌ನ ಜನ ಬಿಡಲಿಲ್ಲ. ನೀವೇ ನಮಗೆ ಬೇಕು ಎಂದರು. ಪತ್ನಿ ಪೌಲಿನ್ ಜೊತೆಗೆ ನಿಂತರು. ಆಶ್ಲಿ ತುಟಿಯ ಚಲನೆ ನೋಡಿ ಮಾತು ತಿಳಿಯುವುದನ್ನು ಕಲಿತು ಸದನಕ್ಕೆ ಮರಳಿದರು. ತಮ್ಮ ಸ್ವರ ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂಬುದೂ ಅವರಿಗೆ ತಿಳಿಯುತ್ತಿರಲಿಲ್ಲ. ಅವರು ಮಾತನಾಡುವಾಗ ಸಹ ಸದಸ್ಯರೊಬ್ಬರು ಸನ್ನೆ ಮಾಡಿ ಅದನ್ನು ಸೂಚಿಸುತ್ತಿದ್ದರು.

ಇನ್ನು ಆ ಮನೆಗಳ ವಿಷಯಕ್ಕೆ ಬರೋಣ.

1957ರಲ್ಲಿ ಪಶ್ಚಿಮ ಜರ್ಮನಿಯ ಗ್ರುನೆಂಥಾಲ್ ಕಂಪೆನಿ ಥಾಲಿಡೋಮೈಡ್ ಎಂಬ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ನಿದ್ರೆಗೆ, ಮನಸ್ಸಿನ ತಳಮಳಕ್ಕೆ ಕೊಡುವ ಔಷಧ. ಬಸುರಿಯರ ಬೆಳಗಿನ ವಾಕರಿಕೆಗೂ ವೈದ್ಯರು ಬರೆದುಕೊಟ್ಟರು. 1958ರಿಂದ ಬ್ರಿಟನ್ನಿನಲ್ಲಿ ಡಿಸ್ಟಾವಲ್ ಎಂಬ ಹೆಸರಿನಲ್ಲಿ ಅದನ್ನು ಮಾರಿದ್ದು ಡಿಸ್ಟಿಲರ್ಸ್ ಕಂಪೆನಿ. ವಿಸ್ಕಿ, ಜಿನ್ ಅದರ ಮುಖ್ಯ ವ್ಯಾಪಾರ. ಔಷಧ ಬದಿಯ ವ್ಯಾಪಾರ. ಗರ್ಭಿಣಿಯರಿಗೂ ಇದು ಸುರಕ್ಷಿತ ಎಂದೇ ಜಾಹೀರಾತು ಬಂತು.

ಆದರೆ ಗರ್ಭದ ಮೊದಲ ವಾರಗಳಲ್ಲಿ, ಶಿಶುವಿನ ಕೈಕಾಲು ಮೂಡುವ ಹೊತ್ತಿನಲ್ಲಿ ಆ ಮಾತ್ರೆ ತಿಂದ ತಾಯಂದಿರ ಮಕ್ಕಳು ಕೈಯಿಲ್ಲದೆ, ಕಾಲಿಲ್ಲದೆ, ಕೆಲವರು ಕಣ್ಣು ಕಿವಿಗಳ ದೋಷದೊಂದಿಗೆ ಹುಟ್ಟಿದರು. ಜರ್ಮನಿಯ ವೈದ್ಯ ವಿಡುಕಿಂಡ್ ಲೆಂಜ್, ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್ ಇದನ್ನು ಗುರುತಿಸಿ ಎಚ್ಚರಿಸಿದ ನಂತರ, 1961ರ ಕೊನೆಗೆ ಮಾತ್ರೆಯನ್ನು ಹಿಂದಕ್ಕೆ ಪಡೆಯಲಾಯಿತು. ಅಷ್ಟರಲ್ಲಿ ಜಗತ್ತಿನಲ್ಲಿ ಹತ್ತು ಸಾವಿರದಷ್ಟು ಮಕ್ಕಳಿಗೆ ಅದರ ಪೆಟ್ಟು ಬಿದ್ದಿತ್ತು. ಬ್ರಿಟನ್ನಿನಲ್ಲಿ ಬದುಕುಳಿದವರೇ ನಾನೂರಕ್ಕೂ ಹೆಚ್ಚು.

ಆ ತಾಯಂದಿರ ಮನಸ್ಥಿತಿಯನ್ನು ಒಮ್ಮೆ ಯೋಚಿಸಿ. ವೈದ್ಯರು ಬರೆದುಕೊಟ್ಟ ಮಾತ್ರೆ, ನಂಬಿ ತಿಂದದ್ದು. ಆದರೂ ನಾನೇ ನನ್ನ ಮಗುವಿಗೆ ಹೀಗೆ ಮಾಡಿದೆನಲ್ಲಾ ಎಂಬ ಕೊರಗು ಅವರನ್ನು ಬಿಡಲಿಲ್ಲ.

ಸಾರ್ವಜನಿಕ ತನಿಖೆ ಬೇಕು ಎಂಬ ಬೇಡಿಕೆಗೆ ಆಗಿನ ಆರೋಗ್ಯ ಸಚಿವ ಈನಾಕ್ ಪೊವೆಲ್ ಒಪ್ಪಲಿಲ್ಲ. ಪೋಷಕರು ನ್ಯಾಯಾಲಯಕ್ಕೆ ಹೋದರು. ಕಂಪೆನಿ ತಪ್ಪು ಒಪ್ಪಿಕೊಳ್ಳಲಿಲ್ಲ. 1968ರಲ್ಲಿ 62 ಮಕ್ಕಳ ಪ್ರಕರಣ ರಾಜಿಯಾಯಿತು. ಪೂರ್ತಿ ಗೆದ್ದಿದ್ದರೆ ಸಿಗಬಹುದಾಗಿದ್ದ ಪರಿಹಾರದಲ್ಲಿ ಶೇಕಡಾ 40 ಮಾತ್ರ ಅವರಿಗೆ ಸಿಕ್ಕಿತು. ಉಳಿದ ಕುಟುಂಬಗಳಿಗೆಲ್ಲ ಸೇರಿ ಕಂಪೆನಿ ಮುಂದಿಟ್ಟ ಮೊತ್ತ 32.5 ಲಕ್ಷ ಪೌಂಡ್. ಅದಕ್ಕೂ ಒಂದು ಶರತ್ತು: ಎಲ್ಲ ಪೋಷಕರೂ ಒಪ್ಪಬೇಕು. ಒಬ್ಬರು ಒಪ್ಪದಿದ್ದರೂ ಯಾರಿಗೂ ಇಲ್ಲ. ಜೀವಮಾನವಿಡೀ ಆರೈಕೆ ಬೇಕಾದ ಮಕ್ಕಳಿಗೆ ಈ ಹಣ ಸಾಲದು ಎಂದ ಕೆಲವೇ ಪೋಷಕರು, ಉಳಿದವರ ಪಾಲಿಗೂ ಅಡ್ಡ ನಿಂತವರಂತೆ ಕಾಣುವ ಸ್ಥಿತಿ ಬಂತು.

ಪತ್ರಿಕೆಗಳು ಏನು ಮಾಡುತ್ತಿದ್ದವು ಎಂದು ನೀವು ಕೇಳಬಹುದು. ವಿಚಾರಣೆಯಲ್ಲಿರುವ ಮೊಕದ್ದಮೆಯ ಬಗ್ಗೆ ಬರೆದರೆ ನ್ಯಾಯಾಂಗ ನಿಂದನೆ ಎಂಬ ಕಾನೂನು ಅವುಗಳ ಬಾಯಿ ಕಟ್ಟಿತ್ತು. 1972ರ ಸೆಪ್ಟೆಂಬರ್ 24ರಂದು ಹೆರಾಲ್ಡ್ ಇವಾನ್ಸ್ ಸಂಪಾದಕತ್ವದ ಸಂಡೇ ಟೈಮ್ಸ್ ಧೈರ್ಯ ಮಾಡಿ, ಇದು ದೇಶಕ್ಕೇ ನಾಚಿಕೆಗೇಡು ಎಂದು ಬರೆಯಿತು. ಮಾತ್ರೆ ಹೇಗೆ ತಯಾರಾಯಿತು, ಹೇಗೆ ಪರೀಕ್ಷಿಸಲ್ಪಟ್ಟಿತು ಎಂಬ ಮುಂದಿನ ಲೇಖನಕ್ಕೆ ನವೆಂಬರ್‌ನಲ್ಲಿ ನ್ಯಾಯಾಲಯ ತಡೆಯಾಜ್ಞೆ ನೀಡಿತು.

ಇಲ್ಲಿಯೇ ಶಾಸನಸಭೆಯ ಕುರ್ಚಿಯ ಬೆಲೆ ತಿಳಿಯುವುದು. ಪತ್ರಿಕೆಗೆ ಮುಚ್ಚಿದ ಬಾಗಿಲು ಸಂಸತ್ತಿಗೆ ಪೂರ್ತಿ ಮುಚ್ಚಿರಲಿಲ್ಲ. ಸದನದಲ್ಲಿ ಆಡಿದ ಮಾತಿಗೆ ರಕ್ಷಣೆ ಇತ್ತು. ಅದನ್ನು ಪತ್ರಿಕೆಗಳೂ ವರದಿ ಮಾಡಬಹುದಿತ್ತು. ಆದರೂ ವಿಚಾರಣೆಯಲ್ಲಿರುವ ಮೊಕದ್ದಮೆಯನ್ನು ಚರ್ಚಿಸಬಾರದೆಂಬ ರೂಢಿ ಅಲ್ಲಿಯೂ ಇತ್ತು. ಸರ್ಕಾರವೂ ಇದು ಕಂಪೆನಿ ಮತ್ತು ಪೋಷಕರ ನಡುವಿನ ವ್ಯವಹಾರ ಎನ್ನುತ್ತಿತ್ತು. ಆಶ್ಲಿ ಎದೆಗುಂದಲಿಲ್ಲ. ಪ್ರಶ್ನೆ ಕೇಳಿದರು, ಪತ್ರ ಬರೆದರು, ಪಕ್ಷಭೇದವಿಲ್ಲದೆ ಸದಸ್ಯರ ಸಹಿ ಕೂಡಿಸಿದರು. ಕಾನೂನಿನ ಹೊಣೆಯನ್ನು ನ್ಯಾಯಾಲಯ ತೀರ್ಮಾನಿಸಲಿ, ನೈತಿಕ ಹೊಣೆಯ ಬಗ್ಗೆ ಸದನ ಮಾತನಾಡಲಿ ಎಂಬುದು ಅವರ ದಾರಿ. ಆ ದಾರಿಯಲ್ಲೇ ಬಾಗಿಲು ತೆರೆಯಿತು.

1972ರ ನವೆಂಬರ್ 29ರಂದು ಚರ್ಚೆ ನಡೆಯಿತು. ಅದನ್ನು ಆರಂಭಿಸಿದವರು ಆಶ್ಲಿ. ಅವರು ಅಂಕಿಅಂಶಗಳ ಲೆಕ್ಕ ಮಾತ್ರ ಒಪ್ಪಿಸಲಿಲ್ಲ. ಹನ್ನೊಂದು ವರ್ಷದ ಒಬ್ಬ ಹುಡುಗಿ ಪ್ರಾಯಕ್ಕೆ ಬರುವಾಗ, ಕೈಕಾಲುಗಳಿಲ್ಲದ ಅವಳ ಮುಂದೆ ಎಂಥ ಬದುಕು ಕಾದಿದೆ ಎಂಬುದನ್ನು ಸದಸ್ಯರ ಮುಂದಿಟ್ಟರು. ತಾವು ಆಡಿದ ಒಂದು ಶಬ್ದವೂ ಅವರಿಗೆ ಕೇಳಿಸಲಿಲ್ಲ. ದೇಶಕ್ಕೆ ಕೇಳಿಸಿತು.

ಅದೇ ಚರ್ಚೆಯಲ್ಲಿ ಸಚಿವ ಕೀತ್ ಜೋಸೆಫ್, ಹುಟ್ಟಿನಿಂದಲೇ ತೀವ್ರ ಅಂಗವೈಕಲ್ಯವಿರುವ ಮಕ್ಕಳ ಕುಟುಂಬಗಳಿಗಾಗಿ 30 ಲಕ್ಷ ಪೌಂಡ್‌ಗಳ ನಿಧಿ ಘೋಷಿಸಿದರು. ಥಾಲಿಡೋಮೈಡ್ ಮಕ್ಕಳಿಗೆ ಮಾತ್ರವಲ್ಲ, ಬೇರೆ ಕಾರಣಗಳಿಂದ ಹಾಗೆ ಹುಟ್ಟಿದ ಮಕ್ಕಳಿಗೂ. ‘ಫ್ಯಾಮಿಲಿ ಫಂಡ್’ ಎಂಬ ಆ ನಿಧಿ ಅರ್ಧ ಶತಮಾನ ದಾಟಿಯೂ ನಡೆಯುತ್ತಿದೆ. ಕಂಪೆನಿಯ ಮೇಲೂ ಒತ್ತಡ ಏರಿತು. ಅಂಗಡಿಗಳು ಅದರ ಸರಕನ್ನು ಬಹಿಷ್ಕರಿಸುವ ಮಾತಾಡಿದವು, ಪಾಲುದಾರರೇ ತಿರುಗಿ ನಿಂತು ಪ್ರಶ್ನಿಸಿದರು. 1973ರ ಜನವರಿಗೆ 32.5 ಲಕ್ಷದ ಮಾತು ಸುಮಾರು 2 ಕೋಟಿ ಪೌಂಡ್‌ಗೆ ಏರಿತು. ಅದೇ ವರ್ಷ ಥಾಲಿಡೋಮೈಡ್ ಟ್ರಸ್ಟ್ ಸ್ಥಾಪನೆಯಾಯಿತು.

ಇದೆಲ್ಲ ಒಬ್ಬರದೇ ಕೆಲಸ ಎಂದರೆ ಅನ್ಯಾಯವಾದೀತು. ಒಪ್ಪದೆ ನಿಂತ ಪೋಷಕರಿದ್ದರು, ಬರೆದ ಪತ್ರಕರ್ತರಿದ್ದರು, ಪ್ರಶ್ನಿಸಿದ ಪಾಲುದಾರರಿದ್ದರು. ಆದರೆ ಇವರೆಲ್ಲರ ಮಾತು ಅಧಿಕಾರದ ಅಂಗಳಕ್ಕೆ ಬರಲು ಒಳಗಿನಿಂದ ಬಾಗಿಲು ತೆರೆಯುವ ಒಬ್ಬರು ಬೇಕಿತ್ತು. ಆಶ್ಲಿ ಆಗ ಮಂತ್ರಿಯಲ್ಲ, ವಿರೋಧ ಪಕ್ಷದ ಸಾಮಾನ್ಯ ಸದಸ್ಯ. ಆ ಮಕ್ಕಳಲ್ಲಿ ಹೆಚ್ಚಿನವರು ಅವರ ಕ್ಷೇತ್ರದವರೂ ಅಲ್ಲ. ಸ್ಟೋಕ್‌ನ ಜನ ತಮ್ಮ ಕಿವುಡ ಸಂಸದನನ್ನು ಕೈಬಿಡದೆ ಇದ್ದದ್ದಕ್ಕೆ ದೇಶದ ಮಕ್ಕಳಿಗೆ ಫಲ ಸಿಕ್ಕಿತು.

ಆಶ್ಲಿ 1992ರವರೆಗೆ ಆ ಕ್ಷೇತ್ರದ ಸಂಸದರಾಗಿದ್ದರು, ನಂತರ ಮೇಲ್ಮನೆಗೆ ಹೋದರು. ಬ್ರಿಟಿಷ್ ಸರ್ಕಾರ ವಿಷಾದ ಸೂಚಿಸಿದ್ದು 2010ರಲ್ಲಿ. ಆಶ್ಲಿ ತೀರಿಕೊಂಡದ್ದು 2012ರ ಏಪ್ರಿಲ್‌ನಲ್ಲಿ. ಮಾತ್ರೆ ತಯಾರಿಸಿದ ಗ್ರುನೆಂಥಾಲ್ ಕಂಪೆನಿ ಕ್ಷಮೆ ಕೇಳಿದ್ದು ಅದೇ ವರ್ಷದ ಆಗಸ್ಟ್‌ನಲ್ಲಿ, ಮಾತ್ರೆ ಹಿಂದಕ್ಕೆ ಪಡೆದು ಐವತ್ತು ವರ್ಷ ಕಳೆದ ಮೇಲೆ.

ಸಹೋದರರೇ, ಜನಪ್ರತಿನಿಧಿಗಳು ನಮ್ಮ ಮಸೀದಿಯ ಅಂಗಳಕ್ಕೂ ಬರುತ್ತಾರೆ. ನಾವು ಆವರಣ ಗೋಡೆ ಕೇಳುತ್ತೇವೆ, ರಸ್ತೆ ಕೇಳುತ್ತೇವೆ, ಕಬರಸ್ತಾನಕ್ಕೆ ಜಾಗ ಕೇಳುತ್ತೇವೆ. ಅವೂ ಬೇಕು. ಆದರೆ ನಮ್ಮ ಮೊಹಲ್ಲಾದಲ್ಲೇ ನಡೆಯಲಾಗದ ಮಗುವನ್ನು ಎತ್ತಿಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವ ತಾಯಿ ಇದ್ದಾಳೆ. ಆಕೆ ಆ ಸಭೆಗೆ ಬಂದಿರುವುದಿಲ್ಲ, ನಾವೂ ಕರೆದಿರುವುದಿಲ್ಲ. ಮುಂದಿನ ಸಲ ಆಕೆಯನ್ನು ಕರೆಯಿರಿ. ಮುಂದಿನ ಸಾಲಿನಲ್ಲಿ ಕೂರಿಸಿ. ಜಮಾಅತಿನ ಮನವಿ ಪತ್ರ ಓದುವ ಮೊದಲು ಆಕೆ ಮಾತನಾಡಲಿ.