ಇಂಗ್ಲೆಂಡಿನ ಸೆರೆಮನೆಗಳಲ್ಲಿ ಸ್ತ್ರೀಯರು

ಕಾರಾಗೃಹವೆಂಬುದು ಎಂದಿನಿಂದಲೂ ಬಹುಮಟ್ಟಿಗೆ ಪುರುಷರ ನೆಲೆಯೇ ಆಗಿತ್ತೆಂದು ಭಾವಿಸುವವರು ಲಂಡನ್ನಿನ ಓಲ್ಡ್ ಬೇಯ್ಲಿ ನ್ಯಾಯಾಲಯದ ಹಳೆಯ ಕಡತಗಳನ್ನು ತಿರುವಿಹಾಕಿದರೆ ಅಚ್ಚರಿಗೊಳ್ಳದಿರಲಾರರು. ಹದಿನೆಂಟನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಆಪಾದಿತರಾಗಿ ನಿಂತವರಲ್ಲಿ, ಕೆಲವು ವರ್ಷಗಳಂತೂ, ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಸ್ತ್ರೀಯರೇ ಇದ್ದರು. 1900ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಸೆರೆಮನೆಗಳಲ್ಲಿದ್ದ ಸರಾಸರಿ 17,400 ಬಂದಿಗಳಲ್ಲಿ ಸ್ತ್ರೀಯರು ಸುಮಾರು 3,000 ಮಂದಿ, ಎಂದರೆ ಆರರಲ್ಲೊಂದು ಪಾಲು. 1960ರ ದಶಕದ ಕೊನೆಯ ಹೊತ್ತಿಗೆ ಪುರುಷ ಬಂದಿಗಳು 30,000ವನ್ನು ದಾಟಿದ್ದರೂ ಸ್ತ್ರೀಯರು ಸಾವಿರಕ್ಕಿಂತ ಕಡಿಮೆಯಾಗಿದ್ದರು.

ಈ ಇಳಿತಕ್ಕೆ ಸ್ತ್ರೀಸ್ವಭಾವದಲ್ಲಿ ಕಾರಣವನ್ನರಸುವುದು ವ್ಯರ್ಥವೆಂದೇ ನನ್ನ ನಂಬುಗೆ. ಬದಲಾದದ್ದು ಹೆಚ್ಚಾಗಿ ಕಾನೂನಿನ ದೃಷ್ಟಿ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಸೆರೆ ಸೇರುತ್ತಿದ್ದ ಹೆಂಗಸರಲ್ಲಿ ಬಹುಮಂದಿ ಕುಡಿದು ಬೀದಿಯಲ್ಲಿ ಬಿದ್ದವರು, ವೇಶ್ಯಾವೃತ್ತಿಗಾಗಿ ಸಿಕ್ಕಿಬಿದ್ದವರು, ಕೆಲವೇ ಶಿಲಿಂಗುಗಳ ಜುಲ್ಮಾನೆ ತೆರಲು ಕೈಯಲ್ಲಿ ಕಾಸಿಲ್ಲದವರು. ಜೇನ್ ಕೇಕ್‌ಬ್ರೆಡ್ ಎಂಬ ವೃದ್ಧೆ ಕುಡಿತದ ಆಪಾದನೆಯೊಂದರ ಮೇಲೆಯೇ ಇನ್ನೂರಕ್ಕೂ ಹೆಚ್ಚು ಸಲ ಶಿಕ್ಷೆಗೊಳಗಾಗಿ ಲಂಡನ್ನಿನ ಪತ್ರಿಕೆಗಳಲ್ಲಿ ಹೆಸರಾದಳು. ಪಾನನಿರೋಧ ಚಳವಳಿಯ ನಾಯಕಿ ಲೇಡಿ ಹೆನ್ರಿ ಸಾಮರ್‌ಸೆಟ್ ಅವಳನ್ನು ಡಕ್ಸ್‌ಹರ್ಸ್ಟಿನಲ್ಲಿದ್ದ ತಮ್ಮ ಆಶ್ರಮಕ್ಕೆ ಕರೆದೊಯ್ದು ಹತ್ತಿರದಿಂದ ಕಂಡಾಗ, ಅವಳದು ದುರ್ನಡತೆಯಲ್ಲ, ಚಿತ್ತವಿಕಾರವೆಂಬುದು ಮನದಟ್ಟಾಯಿತು. 1898ರಲ್ಲಿ ಅವಳು ಕಣ್ಣುಮುಚ್ಚಿದ್ದು ಮಾನಸಿಕ ಚಿಕಿತ್ಸಾಲಯದಲ್ಲಿ. ರೋಗಿಯೊಬ್ಬಳನ್ನು ವರ್ಷಗಟ್ಟಲೆ ಅಪರಾಧಿಯೆಂದೆಣಿಸಿ ಸೆರೆಗೆ ದೂಡಿದ ಈ ವೃತ್ತಾಂತವನ್ನೋದುವಾಗ ನನ್ನ ಮನಸ್ಸು ಇಂದಿಗೂ ನೋಯುತ್ತದೆ.

ಸ್ತ್ರೀಯರಿಗಾಗಿಯೇ 1903ರಲ್ಲಿ ಲಂಡನ್ನಿನ ಹಾಲೊವೇ ಸೆರೆಮನೆಯನ್ನು ಮೀಸಲಿಟ್ಟರು. ಮತಾಧಿಕಾರಕ್ಕಾಗಿ ಹೋರಾಡಿದ ಮಹಿಳೆಯರಿಂದ ಅದರ ಹೆಸರು ಲೋಕಪ್ರಸಿದ್ಧವಾಯಿತಾದರೂ, ಅಲ್ಲಿನ ಕೊಠಡಿಗಳನ್ನು ದಿನದಿನವೂ ತುಂಬುತ್ತಿದ್ದವರು ಬಡ ಹೆಂಗಸರೇ. ಜುಲ್ಮಾನೆ ತೆರಲು ಅವಧಿಕೊಡಬೇಕೆಂದು 1914ರ ಶಾಸನ ವಿಧಿಸಿದುದರಿಂದಲೂ, ಮರುವರ್ಷ ಯುದ್ಧನಿಮಿತ್ತವಾಗಿ ಪಾನಗೃಹಗಳ ವೇಳೆಯನ್ನು ಮೊಟಕುಗೊಳಿಸಿದುದರಿಂದಲೂ, ಅಲ್ಪಾವಧಿಯ ಸೆರೆವಾಸ ಗಂಡಸರಿಗೂ ಹೆಂಗಸರಿಗೂ ಶೀಘ್ರವಾಗಿ ಇಳಿಯಿತು. ಆದರೆ ಎರಡನೆಯ ಮಹಾಯುದ್ಧದ ತರುವಾಯ ಗಂಭೀರ ಅಪರಾಧಗಳಿಗಾಗಿ ಪುರುಷರ ಸಂಖ್ಯೆ ಏರುತ್ತ ಹೋದುದರಿಂದ ಸ್ತ್ರೀಯರ ಪಾಲು ನೂರಕ್ಕೆ ಮೂರರ ಆಸುಪಾಸಿಗೆ ಕುಗ್ಗಿತು.

ಆದರೆ ಶತಮಾನದ ಕೊನೆಯಲ್ಲಿ ಗತಿ ತಿರುಗಿತು: 1993ರಲ್ಲಿ ಸುಮಾರು 1,600ರಷ್ಟಿದ್ದ ಸ್ತ್ರೀಬಂದಿಗಳು 2002ರ ವೇಳೆಗೆ 4,300ಕ್ಕೇರಿದರು; ಪುರುಷರ ಏರಿಕೆ ಈ ವೇಗದ್ದಾಗಿರಲಿಲ್ಲ. ಈ ಸಲವೂ ಹಲವರು ಸಣ್ಣಪುಟ್ಟ ಕಳವಿಗಾಗಿ ಕೆಲವೇ ವಾರಗಳಿಗೋ ತಿಂಗಳುಗಳಿಗೋ ಒಳಹೊಕ್ಕವರು. ಅಷ್ಟರಲ್ಲೇ ಮನೆಯನ್ನೂ ಮಕ್ಕಳನ್ನೂ ಕಳೆದುಕೊಳ್ಳುವವರು. ದೊಡ್ಡ ಸೆರೆಮನೆಗಳನ್ನು ತೆಗೆದು, ಊರುಊರಿಗೆ ಹತ್ತಿರವಾದ ಚಿಕ್ಕ ನಿಲಯಗಳನ್ನು ಹತ್ತು ವರ್ಷಗಳೊಳಗೆ ಏರ್ಪಡಿಸಬೇಕೆಂದು 2007ರಲ್ಲಿ ಸ್ತ್ರೀಬಂದಿಗಳನ್ನು ಕುರಿತ ಕಾರ್‌ಸ್ಟನ್ ವರದಿ ಮಾಡಿದ ಸಲಹೆಯನ್ನು ಯಾವ ಸರ್ಕಾರವೂ ಕಾರ್ಯಗತಗೊಳಿಸದೆ ಹೋದುದು ನನಗೆ ಅಕ್ಷಮ್ಯವೆನಿಸುತ್ತದೆ.