ಇರಾಕ ಕೊಡಾಂವ ಯಾರು?

ಕಳೆದ ದೀಪಾವಳಿಗೆ ಇಳಕಲ್ಲಿಗೆ ಹೋದಾಗ ನಮ್ಮ ಓಣಿಯ ದೊಡ್ಡವ್ವ ಕಟ್ಟೆಯ ಮೇಲೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಒಳಗಿನ ಮಗ್ಗ ಎರಡು ವರ್ಷದಿಂದ ನಿಂತಿದೆ. ಅದನ್ನು ನೇಯುತ್ತಿದ್ದ ದೊಡ್ಡಪ್ಪ ತೀರಿಕೊಂಡ. ಈಗ ಪಕ್ಕದ ಮನೆಯವರ ಮಗ್ಗಕ್ಕೆ ಕಂಡಿಕೆ ಸುತ್ತಿ ಕೊಡುತ್ತಾಳೆ, ಹೊತ್ತು ಹೋಗಬೇಕಲ್ಲ. ಅವಳ ಮಗ ಅಮೆರಿಕದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. 2011ರಲ್ಲಿ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಹೋದ ಅಣ್ಣ, ತಂದೆಯ ಮಣ್ಣಿಗೆ ಬರಲಾಗಲಿಲ್ಲ. ಆಗಷ್ಟೇ ಕಂಪನಿ ಬದಲಾಗಿತ್ತು. ಒಮ್ಮೆ ಹೊರಗೆ ಬಂದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಮುದ್ರೆ ಯಾವಾಗ ಬೀಳುತ್ತದೋ, ಅಲ್ಲಿಯವರೆಗೆ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಭಯ. ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದ.

ನನ್ನನ್ನು ಕಂಡು ದೊಡ್ಡವ್ವ ಕೇಳಿದಳು: “ಯವ್ವಾ, ನೀ ಹಳೇ ಕಲ್ಲಿನ ಮ್ಯಾಲಿಂದು ಓದಾಕಿ ಅಲ್ಲೇನ? ನನಗೊಂದು ಹೇಳು. ನಮ್ಮ ಹುಡುಗಗ ಅಲ್ಲಿ ಇರಾಕ ಕೊಡಾಂವ ಯಾರು? ಸರಕಾರನೋ, ಮಾಲಕನೋ?”

ನಾನು ಶಾಸನಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವವಳು. ಮಾರ್ಗದರ್ಶಕರು ಇಷ್ಟು ನೇರವಾದ ಪ್ರಶ್ನೆಯನ್ನು ನನಗೆ ಈವರೆಗೆ ಕೇಳಿಲ್ಲ. ಆ ಹೊತ್ತಿಗೆ ಏನೋ ಹೇಳಿ ತಪ್ಪಿಸಿಕೊಂಡೆ. ಆಮೇಲೆ ಓದುತ್ತ ಹೋದಂತೆ, ಈ ಪ್ರಶ್ನೆ ನಮ್ಮ ಸೀಮೆಯ ಕಲ್ಲುಗಳಲ್ಲೂ ಇದೆ ಎನಿಸತೊಡಗಿತು.

ಮೊದಲು ಈಗಿನ ಲೆಕ್ಕ ನೋಡೋಣ. ಅಮೆರಿಕದ 1990ರ ವಲಸೆ ಕಾಯ್ದೆ ಉದ್ಯೋಗದ ಆಧಾರದ ಮೇಲೆ ಕೊಡುವ ಗ್ರೀನ್ ಕಾರ್ಡುಗಳನ್ನು ವರ್ಷಕ್ಕೆ ಸುಮಾರು 1,40,000ಕ್ಕೆ ಕಟ್ಟಿಹಾಕಿತು. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಅದರಲ್ಲೇ ಸೇರಬೇಕು. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಿಗುವ ಪಾಲು ಸಾಮಾನ್ಯವಾಗಿ ನೂರಕ್ಕೆ ಏಳನ್ನು ಮೀರುವಂತಿಲ್ಲ. ಚಿಕ್ಕ ದೇಶಕ್ಕೂ ಭಾರತಕ್ಕೂ ಒಂದೇ ಅಳತೆ. ಹೀಗಾಗಿ ಭಾರತೀಯರ ಸಾಲು ಬೆಳೆಯಿತು. ಸ್ನಾತಕೋತ್ತರ ಪದವಿ ಕೇಳುವ ಹುದ್ದೆಗಳ ವರ್ಗದಲ್ಲಿ 2024ರ ಕೊನೆಯಲ್ಲಿ ಸರದಿ ಬಂದಿದ್ದು 2012ರಲ್ಲಿ ಸಾಲಿಗೆ ನಿಂತವರಿಗೆ. ಅಣ್ಣನ ಹೆಸರು ಸಾಲಿಗೆ ಸೇರಿದ್ದು 2014ರಲ್ಲಿ.

ಆದರೆ ದೊಡ್ಡವ್ವನ ಪ್ರಶ್ನೆ ಇದ್ದದ್ದು ಸಾಲಿನ ಉದ್ದದ ಬಗ್ಗೆ ಅಲ್ಲ, ಸಾಲಿನಲ್ಲಿ ನಿಲ್ಲಿಸುವವರ ಬಗ್ಗೆ. ಈ ವರ್ಗದಲ್ಲಿ ಸಾಮಾನ್ಯವಾಗಿ ಅರ್ಜಿ ಹಾಕುವುದು ಕೆಲಸಗಾರನಲ್ಲ, ಕಂಪನಿ. ಈ ಕೆಲಸಕ್ಕೆ ಅರ್ಹನಾದ ಸ್ಥಳೀಯ ಸಿಗಲಿಲ್ಲ ಎಂದು ಕಂಪನಿ ಕಾರ್ಮಿಕ ಇಲಾಖೆಗೆ ತೋರಿಸಬೇಕು, ಆಮೇಲೆ ವಲಸೆ ಇಲಾಖೆಗೆ ಅರ್ಜಿ ಕೊಡಬೇಕು. ಆ ಕಾಗದದಲ್ಲಿ ಅರ್ಜಿದಾರ ಎಂದರೆ ಕಂಪನಿ. ಕೆಲಸಗಾರನಿಗೆ ಅಲ್ಲಿರುವ ಹೆಸರು ‘ಫಲಾನುಭವಿ’. ನಮ್ಮಲ್ಲಿ ಆಶ್ರಯ ಮನೆಯ ಪಟ್ಟಿಯಲ್ಲಿ ಬರುವ ಅದೇ ಪದ. ಅವನು ಮಧ್ಯದಲ್ಲಿ ಕಂಪನಿ ಬದಲಿಸಬಹುದು, ಅರ್ಜಿ ಒಪ್ಪಿಗೆಯಾಗಿದ್ದರೆ ಸಾಲಿನ ಹಳೆಯ ತಾರೀಖೂ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ಕಡೆಯ ಹಂತ ತಲುಪಿರದಿದ್ದರೆ ಹೊಸ ಕಂಪನಿ ಪ್ರಮಾಣಪತ್ರ, ಅರ್ಜಿ ಎರಡನ್ನೂ ಮೊದಲಿನಿಂದ ಮಾಡಬೇಕು. ಕೆಲಸ ಹೋದರೆ ಎಚ್-1ಬಿ ವೀಸಾದವನಿಗೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ದಾರಿ ಸಿಗದಿದ್ದರೆ ಮನೆ, ಕಾರು, ಮಗಳ ಶಾಲೆ ಎಲ್ಲ ಬಿಟ್ಟು ಹೊರಡಬೇಕು.

ಇಳಕಲ್ಲಿನ ನೇಕಾರರಿಗೆ ಇದರಲ್ಲಿ ಅರ್ಧ ಭಾಗ ಚೆನ್ನಾಗಿ ಅರ್ಥವಾಗುತ್ತದೆ. ಮಗ್ಗ ನಮ್ಮ ಮನೆಯಲ್ಲೇ ಇದ್ದರೂ ನೂಲು, ರೇಷ್ಮೆ ಬರುವುದು ಮಾಲಕನ ಅಂಗಡಿಯಿಂದ. ಟೋಪಿ ತೆನೆಯ ಸೆರಗು ಮುಗಿಸಿ, ಸೀರೆ ಮಡಚಿ ಒಯ್ದು ಕೊಟ್ಟರೆ ಮಜೂರಿ. ಮದುವೆಗೋ ಆಸ್ಪತ್ರೆಗೋ ಮುಂಗಡ ತಗೊಂಡಿದ್ದರೆ ಅದು ತೀರುವವರೆಗೆ ಇನ್ನೊಬ್ಬ ಮಾಲಕನ ಕಡೆ ಹೋಗುವುದು ಕಷ್ಟ. ಅದಕ್ಕೇ ದೊಡ್ಡವ್ವನ ಬಾಯಲ್ಲಿ ‘ಕಂಪನಿ’ ಎನ್ನುವ ಬದಲು ‘ಮಾಲಕ’ ಬಂತು.

ಹಾಗಾದರೆ ಇನ್ನೊಂದು ಊರಿನಿಂದ ಕೈಕಸುಬು ಹಿಡಿದು ಬಂದವರಿಗೆ ನೆಲೆ ಕೊಡುತ್ತಿದ್ದವರು ಹಿಂದೆ ಯಾರು? ಈ ಪ್ರಶ್ನೆಗೆ ಇಳಕಲ್ ಸುತ್ತಲಿನಷ್ಟು ಹೇಳಿಮಾಡಿಸಿದ ಜಾಗ ಬೇರೆ ಕಡಿಮೆ. ಬಸ್ಸು ಹತ್ತಿ ಹುನಗುಂದ ದಾಟಿ, ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು ಮುಂದೆ ಹೋದರೆ ಐಹೊಳೆ, ಅದರಾಚೆ ಪಟ್ಟದಕಲ್ಲು.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಗಂಡ ಮೂರು ಸಲ ಕಂಚಿಯನ್ನು ಗೆದ್ದ ನೆನಪಿಗೆ. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಿಕ್ಕಿತೆಂದು ಗುಡಿಯ ಶಾಸನವೇ ಹೇಳುತ್ತದೆ. ಅಲ್ಲೇ ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬನ ಹೆಸರಿದೆ. ಅವನು ತೆಂಕಣ ದಿಕ್ಕಿನ ಸೂತ್ರಧಾರಿ. ತೆಂಕಣದಿಂದ ಬಂದವನು ಎಂದು ಕೆಲವರು, ತೆಂಕಣ ಭಾಗದ ಕೆಲಸದ ಮುಖ್ಯಸ್ಥ ಎಂದು ಕೆಲವರು ಅರ್ಥ ಮಾಡುತ್ತಾರೆ. ಗುಡಿಗೂ ಕಂಚಿಯ ಕೈಲಾಸನಾಥಕ್ಕೂ ಇರುವ ಹೋಲಿಕೆಯಿಂದಾಗಿ, ಗೆದ್ದ ಅರಸ ಕಂಚಿಯಿಂದ ಶಿಲ್ಪಿಗಳನ್ನೂ ಕರೆತಂದನೇ ಎಂಬ ಚರ್ಚೆ ನೂರು ವರ್ಷದಿಂದ ನಡೆದಿದೆ.

ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಅದೇ ಗುಡಿಯ ಇನ್ನೊಂದು ಚಿಕ್ಕ ಶಾಸನ. ಮಾವ ವಿಜಯಾದಿತ್ಯ ಗಾಂಧರ್ವರಿಗೆ, ಅಂದರೆ ಹಾಡುವವರಿಗೆ, ಮಾಡಿಕೊಟ್ಟಿದ್ದ ಕಟ್ಟಳೆಯನ್ನು ಸೊಸೆ ಲೋಕಮಹಾದೇವಿ ಸ್ಥಿರಗೊಳಿಸಿದಳು ಎಂಬುದಷ್ಟೇ ಅದರ ಸಾರ. ಒಡೆಯ ಬದಲಾಗಿದ್ದಾನೆ, ಹಾಡುವವರ ನೆಲೆ ಬದಲಾಗಿಲ್ಲ. ಹೊಸ ಒಡತಿ ಹೊಸದಾಗಿ ಪರೀಕ್ಷೆ ಮಾಡಲಿಲ್ಲ, ಹಳೆಯ ಮಾತನ್ನು ಕಲ್ಲಿಗೆ ಏರಿಸಿದಳು. ಲಕ್ಷ್ಮೇಶ್ವರದಲ್ಲೂ ಇದೇ ಕಾಲದ ಒಂದು ಶಾಸನವಿದೆ. ಇದೇ ವಿಕ್ರಮಾದಿತ್ಯ ಯುವರಾಜನಾಗಿದ್ದಾಗ, ಸುಮಾರು 725ರಲ್ಲಿ, ಪೊರಿಗೆರೆಯ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರ ವ್ಯವಸ್ಥೆ ಅದು. ಅರಸನ ಅಧಿಕಾರಿಗಳು ಊರವರ ಯಾವ ಹಕ್ಕನ್ನು ಕಾಯಬೇಕು, ಊರವರು ಏನನ್ನು ತೆರಬೇಕು ಎಂದು ಎರಡೂ ಕಡೆಯ ಬಾಧ್ಯತೆಗಳು ಅದರಲ್ಲಿವೆ. ಆ ಮಾತು ಒಬ್ಬೊಬ್ಬ ಆಳಿನ ಜೊತೆ ಆಡಿದ್ದಲ್ಲ, ಊರಿನ ಜೊತೆ ಆಡಿದ್ದು.

ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆ ಗೊತ್ತಿರುತ್ತದೆ: ಚಂದ್ರಸೂರ್ಯರಿರುವ ತನಕ ಇದು ನಡೆಯಲಿ, ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ತಗುಲಲಿ. ತರಗತಿಯಲ್ಲಿ ಇದನ್ನು ಓದುವಾಗ ನಾವು ನಗುತ್ತೇವೆ. ಆದರೆ ಆ ಶಾಪ ಯಾರಿಗೆ? ದಾನ ಪಡೆದವನಿಗಲ್ಲ, ಮುಂದೆ ಬರುವ ಅರಸರಿಗೆ, ಅವರಲ್ಲಿ ಕೊಟ್ಟವನ ಸ್ವಂತ ಮಕ್ಕಳೂ ಸೇರಿದ್ದಾರೆ. ಕೊಟ್ಟವನ ಮನಸ್ಸು ಬದಲಾಗಬಹುದು, ಅವನ ಮನೆತನ ಬೀಳಬಹುದು ಎಂದು ತಿಳಿದೇ ಬರೆದ ಸಾಲುಗಳವು. ನ್ಯಾಯಾಲಯ ಕೈಗೆಟುಕದ ಕಾಲದಲ್ಲಿ ಕೈಯಲ್ಲಿದ್ದ ಕಾನೂನು ಇದು.

ಒಡೆಯನನ್ನೇ ನೆಚ್ಚದೆ ಊರೂರು ತಿರುಗಿದವರೂ ನಮ್ಮ ನೆರೆಯವರೇ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕ ಸಂಘ ದಕ್ಷಿಣ ಭಾರತದ ಉದ್ದಗಲಕ್ಕೂ ಹರಡಿತು. ಸುಮಾತ್ರಾ ದ್ವೀಪದ ಬಾರೂಸ್ ಹತ್ತಿರದ ಲೋಬು ತುವಾದಲ್ಲಿ 1088ರ ತಮಿಳು ಶಾಸನವೊಂದರಲ್ಲೂ ಐನೂರ್ವರ ಹೆಸರಿದೆ. ದೂರದ ನಾಡಿನಲ್ಲಿ ಒಬ್ಬ ವರ್ತಕನ ಬೆನ್ನಿಗೆ ನಿಂತದ್ದು ಆ ನಾಡಿನ ಯಾವುದೋ ಧಣಿಯಲ್ಲ, ಅವನ ಸಂಘ. ಅರಸನ ಜೊತೆ ಸುಂಕದ ಮಾತಾಡುವುದೂ ಸಂಘವೇ.

ಆದರೆ ನನ್ನ ಪ್ರಶ್ನೆಗೆ ಅತಿ ಹತ್ತಿರದ ಉತ್ತರ ಸಿಕ್ಕಿದ್ದು ಕರ್ನಾಟಕದ ಹೊರಗೆ, ನೇಕಾರರ ಬಳಿಯೇ. ಇಂದಿನ ಮಧ್ಯಪ್ರದೇಶದ ಮಂದಸೋರ್, ಅಂದಿನ ದಶಪುರ. ದಕ್ಷಿಣ ಗುಜರಾತಿನ ಲಾಟ ದೇಶದಿಂದ ರೇಷ್ಮೆ ನೇಕಾರರ ಒಂದು ಶ್ರೇಣಿ ಅಲ್ಲಿಗೆ ವಲಸೆ ಬಂತು. ಅವರು 436ರಲ್ಲಿ ಸೂರ್ಯನ ಗುಡಿ ಕಟ್ಟಿಸಿದರು, 473ರಲ್ಲಿ ದುರಸ್ತಿ ಮಾಡಿಸಿದರು. ಆಗ ವತ್ಸಭಟ್ಟಿ ಎಂಬ ಕವಿಯಿಂದ ತಮ್ಮ ಕಥೆಯನ್ನು ಸಂಸ್ಕೃತದಲ್ಲಿ ಬರೆಸಿದರು. ಅಲ್ಲಿನ ಅರಸರು ತಮ್ಮನ್ನು ಮಕ್ಕಳಂತೆ ನೋಡಿಕೊಂಡರು ಎನ್ನುತ್ತಾರೆ. ಹೆಣ್ಣು ಎಷ್ಟೇ ಚೆಲುವೆಯಾದರೂ ತಮ್ಮ ರೇಷ್ಮೆ ಉಡದೆ ನಲ್ಲನ ಬಳಿ ಹೋಗುವುದಿಲ್ಲ ಎಂದು ಜಾಹೀರಾತನ್ನೂ ಸೇರಿಸಿದ್ದಾರೆ. ಇಳಕಲ್ಲಿನವರಿಗೆ ಇಷ್ಟು ಬಾಯಿ ಇದ್ದಿದ್ದರೆ ಎಂದು ಓದುವಾಗ ನಕ್ಕೆ.

ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ. ಊರಿಗೆ ಬಂದ ಮೇಲೆ ಎಲ್ಲರೂ ನೇಯುತ್ತ ಉಳಿಯಲಿಲ್ಲ. ಕೆಲವರು ಬಿಲ್ವಿದ್ಯೆ ಕಲಿತರು, ಕೆಲವರು ಕಥೆ ಹೇಳುವವರಾದರು, ಕೆಲವರು ಜ್ಯೋತಿಷಿಗಳಾದರು. ಆದರೂ ಅವರೆಲ್ಲ ದಶಪುರದವರೇ, ಶ್ರೇಣಿಯವರೇ. ರೇಷ್ಮೆ ಅವರನ್ನು ಊರಿಗೆ ತಂದಿತು, ಊರಲ್ಲಿ ಉಳಿಯಲು ರೇಷ್ಮೆ ಬೇಕಾಗಲಿಲ್ಲ. ಕಾಯಂ ವಾಸ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ಸಿಕ್ಕಿಲ್ಲ. ಬಂದ ಕಾರಣ ಮುಗಿದ ಮೇಲೂ ಇರಬಹುದಾದರೆ ಅದು ಕಾಯಂ. ಅಲ್ಲಿಯವರೆಗಿನದು ಕೂಲಿಯ ಒಂದು ಭಾಗ.

ಹಿಂದಿನದೆಲ್ಲ ಚಿನ್ನ ಎಂದು ಹೇಳಿ ಮುಗಿಸಿದರೆ ನನ್ನ ವಿದ್ಯೆಗೆ ಮೋಸ. ಕಲ್ಲಿಗೆ ಹೆಸರು ಬಿದ್ದದ್ದು ಸೂತ್ರಧಾರಿಯದು. ಕಲ್ಲು ಹೊತ್ತವರದು, ಅವರ ಹೆಂಗಸರದು ಬೀಳಲಿಲ್ಲ. ಶ್ರೇಣಿಯ ಆಶ್ರಯ ಶ್ರೇಣಿಯೊಳಗಿದ್ದವರಿಗೆ ಮಾತ್ರ. ಉಂಬಳಿಯಂತೂ ಸೇವೆಗೆ ಕಟ್ಟಿದ ಭೂಮಿ. ಸೇವೆ ನಿಂತರೆ ಹೊಲವೂ ಹೋಗಬಹುದು, ಆ ಸೇವೆ ಅಪ್ಪನಿಂದ ಮಗನಿಗೆ ತಪ್ಪದೆ ಇಳಿಯುತ್ತಿತ್ತು. ಊರಿನ ತಳವಾರ, ವಾಲೀಕಾರರಿಗೆ ಹೊಲ ಒಂದು ಹಕ್ಕೂ ಹೌದು, ಹಗ್ಗವೂ ಹೌದು. ಆ ಹಗ್ಗ ಬಿಚ್ಚಿದ್ದು ಅರಸರಲ್ಲ, ನಮ್ಮದೇ ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. ವಂಶಪಾರಂಪರ್ಯದ ಚಾಕರಿ ರದ್ದಾಯಿತು, ಚಾಕರಿ ಮಾಡುತ್ತಿದ್ದವರಿಗೆ ಆ ಭೂಮಿಯನ್ನು ಮರುಮಂಜೂರು ಮಾಡಲು ಕಾನೂನು ಬಂತು. ಸೇವೆಯನ್ನೂ ನೆಲೆಯನ್ನೂ ಬೇರೆ ಮಾಡಬಹುದು ಎಂದು ಕಾಗದದ ಮೇಲೆ ಬರೆದು ತೋರಿಸಿದ ಉದಾಹರಣೆ ಇದು.

ಹಿಂದಿನವರ ಕೈಯಲ್ಲಿ ಇನ್ನೊಂದು ಆಯುಧವಿತ್ತು: ಎದ್ದು ಹೋಗುವುದು. ತೆರಿಗೆ ಹೆಚ್ಚಿದರೆ ನೇಕಾರರು, ಕಮ್ಮಾರರು, ಒಕ್ಕಲಿಗರು ಊರು ಬಿಡುತ್ತಿದ್ದರು. ಅವರನ್ನು ತಿರುಗಿ ಕರೆಯಲು ಆಳುವವರು ಕೌಲು ಕೊಡುತ್ತಿದ್ದರು, ಇಷ್ಟು ವರ್ಷ ತೆರಿಗೆ ಮಾಫಿ ಎಂದು. ಕಸುಬುದಾರ ಹೋದರೆ ನಷ್ಟ ಅರಸನಿಗೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಈ ಆಯುಧ ತಿರುಗಿ ನಿಂತಿದೆ. ಎದ್ದು ಹೋದರೆ ನಷ್ಟ ಕಸುಬುದಾರನಿಗೆ. ಹನ್ನೊಂದು ವರ್ಷ ಕಾದವನು ಸಂಬಳ ಹೆಚ್ಚಿಸಿ ಎಂದು ಮೇಜು ಬಡಿಯಲಾರ. ಇನ್ನು ನಮ್ಮ ಕರಾವಳಿಯವರು ಕೊಲ್ಲಿ ದೇಶಗಳಲ್ಲಿ ಕಂಡ ಕಫಾಲಾ ಪದ್ಧತಿಯಲ್ಲಿ ಪ್ರಾಯೋಜಕನಿಗೆ ಅಂಟಿಕೊಂಡ ವಾಸವಿತ್ತು, ಕಾಯಂ ಎಂಬ ಆಸೆಯೂ ಇರಲಿಲ್ಲ.

ನಮ್ಮ ಕಡೆಯ ನೇಕಾರರು ಹೊರಗೆ ಹೋದದ್ದು ಹೊಸದೇನೂ ಅಲ್ಲ. 1876–78ರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆ ನಲುಗಿ ಹೋಯಿತು. 1877ರಲ್ಲಿ ಸೊಲ್ಲಾಪುರದಲ್ಲಿ ಗಿರಣಿ ಶುರುವಾಯಿತು. 1904ರಲ್ಲಿ ಇಚಲಕರಂಜಿಗೆ ಜಹಗೀರದಾರರ ಬೆಂಬಲದಿಂದ ಮೊದಲ ವಿದ್ಯುತ್ ಮಗ್ಗ ಬಂತು. ಆ ಊರುಗಳಿಗೆ ಹೋದ ಕನ್ನಡದ ಮನೆತನಗಳು ಇಂದಿಗೂ ಅಲ್ಲಿವೆ. ಗಿರಣಿ ಮುಚ್ಚಿದಾಗ ಅವರು ಕೆಲಸ ಕಳೆದುಕೊಂಡರು, ಸೊಲ್ಲಾಪುರವನ್ನಲ್ಲ. ಇಂದು ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ನಾಗರಿಕರಿಗೆ ಕೊಟ್ಟಿದೆ. ಅದಕ್ಕೆ ಮಾಲಕನ ಸಹಿ ಬೇಡ. ಗಾಳಿಯಂತೆ ಸುತ್ತಲೂ ಇರುವುದರಿಂದ ಅದು ನಮಗೆ ಕಾಣುವುದಿಲ್ಲ.

ದೀಪಾವಳಿ ಮುಗಿಸಿ ಹೊರಡುವ ದಿನ ದೊಡ್ಡವ್ವನ ಮನೆಗೆ ಹೋದೆ. ಅಣ್ಣನ ಮಗಳಿಗೆ ಈಗ ಹದಿನೆಂಟು. ಇಪ್ಪತ್ತೊಂದು ತುಂಬಿದರೆ, ಕಾಯ್ದೆ ಕೊಡುವ ಒಂದಿಷ್ಟು ರಿಯಾಯಿತಿ ಕಳೆದ ಮೇಲೆ, ಅಪ್ಪನ ಅರ್ಜಿಯ ಸಾಲಿನಿಂದ ಅವಳ ಹೆಸರು ಬೀಳುತ್ತದೆ. ಇಳಕಲ್ ಅವಳಿಗೆ ನೆನಪಿಲ್ಲ. ಈ ಮಾತನ್ನು ದೊಡ್ಡವ್ವನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿ ಬಿಟ್ಟೆ. ಅವಳ ಪ್ರಶ್ನೆಗೆ ಮಾತ್ರ ಉತ್ತರ ಹೇಳಿದೆ: “ದೊಡ್ಡವ್ವಾ, ಕೊಡೂದು ಸರಕಾರ. ಆದ್ರ ಕೇಳಾಂವ ಮಾಲಕ. ಅಣ್ಣಗ ತಾನಾಗಿ ಕೇಳಾಕ ಬರಂಗಿಲ್ಲ.”

ಅವಳು ಕಂಡಿಕೆಯ ಎಳೆ ಕಡಿದು ನನ್ನ ಕಡೆ ನೋಡಿದಳು. “ಅಂದ್ರ ನಮ್ಮಂಗ ಆತ ಬಿಡು. ನಿಮ್ಮ ದೊಡ್ಡಪ್ಪನೂ ಜೀವನಪೂರ್ತಿ ಮಾಲಕನ ಮಾರಿ ನೋಡಿದಾಂವ. ಆದ್ರ ಸಿಟ್ಟು ಬಂದಾಗ ಲಾಳಿ ಒಗದು ಮನಿಗೆ ಬಂದು ಮಲಗತಿದ್ದ. ಮನಿ ನಮ್ಮದಿತ್ತು, ಊರು ನಮ್ಮದಿತ್ತು. ಆ ಹುಡುಗ ಸಿಟ್ಟು ಬಂದ್ರ ಎಲ್ಲಿ ಹೋಗಿ ಮಲಗಬೇಕು?”