ಸ್ಪೋಕ್‌ನಿಂದ ಅಲಾಯ್‌ಗೆ



1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳನ್ನು ನಿಮ್ಮಲ್ಲಿ ಹಲವರು ಓಡಿಸಿರಬಹುದು. ಫಳಫಳ ಹೊಳೆಯುವ ರಿಮ್, ಅದರ ತುಂಬ ಸ್ಪೋಕ್. ಚಕ್ರ ಬೆಂಡಾದರೆ ಮೆಕ್ಯಾನಿಕ್ ನಾಲ್ಕು ಸ್ಪೋಕ್ ಬಿಗಿ ಮಾಡಿ ಸರಿಪಡಿಸುತ್ತಿದ್ದ. ತೊಂದರೆ ಒಂದೇ: ಸ್ಪೋಕಿನ ತೂತುಗಳಲ್ಲಿ ಗಾಳಿ ನಿಲ್ಲದು, ಹಾಗಾಗಿ ಟ್ಯೂಬ್ ಬೇಕೇ ಬೇಕು. ಮೊಳೆ ಚುಚ್ಚಿತೋ, ಗಾಡಿ ತಳ್ಳಬೇಕು!

ಯಮಹಾ ತನ್ನ ಆರ್‌ಡಿ 400ಕ್ಕೆ 1976ರಲ್ಲೇ ಎರಕದ ಅಲಾಯ್ ಚಕ್ರ ಹಾಕಿತ್ತು. ಅದೇ ವಂಶದ ರಾಜದೂತ್ 350 ನಮ್ಮಲ್ಲಿಗೆ 1983ರಲ್ಲಿ ಬಂದದ್ದು ಸ್ಪೋಕಿನಲ್ಲೇ. 2003ರ ಕರಿಜ್ಮಾ, 2004ರ ಪಲ್ಸರ್ ಅಲಾಯ್ ತೊಟ್ಟು ಬಂದ ಮೇಲೆ ಹಳೆ ಗಾಡಿಯವರಿಗೂ ಆಸೆ ಹುಟ್ಟಿತು. ದೆಹಲಿಯ ಕರೋಲ್‌ಬಾಗ್, ಚೆನ್ನೈನ ಪುದುಪೇಟೆ ಸುತ್ತಿದವರಿಗೆ ಇದು ಗೊತ್ತು.

ಅಂದಹಾಗೆ, ಆ ಪಲ್ಸರಿನ ಅಲಾಯ್ ಒಳಗೂ ಟ್ಯೂಬೇ ಇತ್ತು! ಅಲಾಯ್ ಎಂದಾಕ್ಷಣ ಟ್ಯೂಬ್‌ಲೆಸ್ ಅಲ್ಲ. ಟೈರಿನ ಅಂಚು ಜಾರದಂತೆ ತಡೆಯುವ ಉಬ್ಬು ರಿಮ್ಮಿನ ಒಳಬದಿಯಲ್ಲಿರಬೇಕು. ಅದಿಲ್ಲದ ರಿಮ್ಮಿಗೆ ಟ್ಯೂಬ್‌ಲೆಸ್ ಟೈರು ಹಾಕಿಸಿ ಹೆದ್ದಾರಿಗೆ ಇಳಿಯಬೇಡಿ. ಗುಂಡಿಗೆ ಬಿದ್ದು ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಮಾಡಿಸುವುದಂತೂ ಬೇಡವೇ ಬೇಡ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯಂತೆ, ತಯಾರಕರು ಕೊಟ್ಟ ಮೂಲ ವಿವರಗಳನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಆದ್ದರಿಂದ ಮೊದಲು ನಿಮ್ಮ ಮಾಡೆಲ್ಲಿಗೆ ಕಂಪನಿಯೇ ಅಲಾಯ್ ಕೊಡುತ್ತದೆಯೇ ಎಂದು ಶೋರೂಮಿನಲ್ಲಿ ವಿಚಾರಿಸಿ. ಹೊರಗಿನ ಅಂಗಡಿಯ ಮಾತು ಆಮೇಲೆ.